ಏಳನೆಯ ಪುಟದ ಕೆಂಪು ಗೀಟು

ಕರಡು ತಿದ್ದುವವರನ್ನು ಮುದ್ರಣಾಲಯದಲ್ಲಿ ಎದುರಿಗೆ ‘ಸಾರ್’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಭೂತಗನ್ನಡಿ’. ಎರಡೂ ಅವರ ಕಿವಿಗೆ ಬಿದ್ದಿದ್ದವು. ಎರಡನೆಯದೇ ಹೆಚ್ಚು ಹಿತವಾಗಿತ್ತು. ಹೋಟೆಲಿಗೆ ಹೋದರೆ ತಿಂಡಿಗೆ ಮುಂಚೆ ತಿಂಡಿಪಟ್ಟಿ ತಿದ್ದುವ ಜಾತಿ. ಮದುವೆಯಾದ ಹೊಸತರಲ್ಲಿ, ತವರಿಗೆ ಹೋದ ಹೆಂಡತಿ ಬರೆದ ಕಾಗದವನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕಳಿಸಿ, ಒಂದು ತಿಂಗಳು ತಾವೇ ಬೇಯಿಸಿಕೊಂಡು ಉಂಡವರು. ಈ ಕಥೆಯನ್ನು ಅವರೇ ನಗುತ್ತ ಎಲ್ಲರಿಗೂ ಹೇಳುತ್ತಿದ್ದರು.

ಆ ದಿನ ಅವರು ಊಟದ ಡಬ್ಬಿ ಮುಚ್ಚುವ ಹೊತ್ತಿಗೆ ಬೈಂಡಿಂಗ್ ಅಕ್ಕ ಮೇಜಿನ ಮುಂದೆ ಬಂದು ನಿಂತಳು. ಉಗುರ ಸಂದಿಯಲ್ಲೆಲ್ಲ ಒಣಗಿದ ಅಂಟು, ಬಲ ಮಣಿಕಟ್ಟಿಗೆ ಬಿಗಿದ ಪಟ್ಟಿ, ಕೈಯಲ್ಲೊಂದು ಲಕೋಟೆ.

“ಸಾರ್, ಬ್ಯಾಂಕಿನವರು ಆಗಲ್ಲ ಅಂದ್ಬಿಟ್ರು.”

ಸಂಗತಿ ಅವರಿಗೆ ಗೊತ್ತಿದ್ದದ್ದೇ. ಮೂರು ವರ್ಷದ ಹಿಂದೆ ಅಕ್ಕ ಮನೆ ರಿಪೇರಿಗೆ ಸಾಲ ತೆಗೆದಾಗ, ವಿಮೆ ಇಲ್ಲದೆ ಸಾಲ ಇಲ್ಲ ಎಂದು ಬ್ಯಾಂಕು ಅದನ್ನೂ ಸೇರಿಸಿ ಕೊಟ್ಟಿತ್ತು. ಕೈಕಾಲು ಬಿದ್ದರೆ ಕಂತು ವಿಮೆಯವರೇ ಕಟ್ಟುತ್ತಾರೆ ಎಂದಿದ್ದರು. ಹೋದ ವರ್ಷ ಮಣಿಕಟ್ಟು ಕೈಕೊಟ್ಟು ಆರು ತಿಂಗಳು ಮನೆಯಲ್ಲಿ ಕೂತಾಗ ವಿಮೆಯವರು ಬಿಡಿಗಾಸು ಕೊಡಲಿಲ್ಲ. ಹೊಲಿಗೆ ಯಂತ್ರ ಮಾರಿ ಕಂತು ಕಟ್ಟಿದಳು. ಈಗ ಪರಿಹಾರಕ್ಕೆ ದೂರು ಕೊಟ್ಟಿದ್ದಳು.

ಲಕೋಟೆಯೊಳಗಿದ್ದ ಬ್ಯಾಂಕಿನ ಉತ್ತರ ಚಿಕ್ಕದಾಗಿತ್ತು. ‘ತಿಂಗಳ ಸಂಬಳದ ಕಾಯಂ ನೌಕರರಲ್ಲದವರಿಗೆ ಈ ವಿಮೆ ಅನ್ವಯಿಸದು. ಗ್ರಾಹಕರು ಕಾಗದಗಳನ್ನು ಬಲ್ಲವರಿಂದ ಓದಿಸಿಕೊಂಡೇ ಸಹಿ ಮಾಡಿರುತ್ತಾರೆ. ಏಳನೆಯ ಪುಟದ ಗುರುತು ಸಾಕ್ಷಿ.’ ಜತೆಗೆ ಆ ಪುಟದ ಜೆರಾಕ್ಸ್.

ಅಕ್ಕ ಬಗ್ಗಿ ದನಿ ತಗ್ಗಿಸಿದಳು. “ಅವತ್ತು ಸೈನ್ ಹಾಕೋಕ್ ಮುಂಚೆ ನೀವು ಓದಿಕೊಟ್ಟಾಗ ಈ ಸಾಲು ಇರ್ಲೇ ಇಲ್ಲ ಸಾರ್. ಇದ್ದಿದ್ರೆ ನಿಮ್ಮ ಕಣ್ಣು ತಪ್ಪಿಸ್ಕೊಳ್ತಿತ್ತಾ? ಕಳ್ಳರು, ಆಮೇಲೆ ತುರುಕಿದಾರೆ. ಗೀಟೂ ಅವರೇ ಗೀಚಿರೋದು. ಹಾಗಂತ ಬರ್ಕೊಡಿ. ಸೋಮವಾರ ದೂರು ಅಧಿಕಾರಿಗಳ ಹತ್ರ ವಿಚಾರಣೆ, ಅಲ್ಲೂ ಹೋದ್ರೆ ಹೋಯ್ತು.”

ಭೂತಗನ್ನಡಿಯವರು ಜೆರಾಕ್ಸ್ ನೋಡಿದರು. ಅದೇ ಸಾಲಿನಲ್ಲಿ ಬಿಟ್ಟುಹೋದ ಒಂದಕ್ಷರಕ್ಕೆ ಕೊಕ್ಕೆ ಹಾಕಿ, ಅಂಚಿಗೆ ಗೀಟೆಳೆದು, ಅಕ್ಷರವನ್ನು ಮುತ್ತಿನಂತೆ ಬರೆಯಲಾಗಿತ್ತು. ಜೆರಾಕ್ಸಿನಲ್ಲಿ ಕೆಂಪು ಬೂದು ಬಣ್ಣಕ್ಕೆ ತಿರುಗಿದ್ದರೂ ಕೈಬರಹ ತಮ್ಮದೇ. ಹನ್ನೆರಡು ಪುಟಕ್ಕೆ ಐದು ತಪ್ಪು ಹಿಡಿದು, “ಏನೂ ತೊಂದ್ರೆ ಇಲ್ಲ, ಸೈನ್ ಹಾಕಮ್ಮ” ಎಂದದ್ದು ನೆನಪಿಗೆ ಬಂತು.

“ಸೋಮವಾರ ನಾನೇ ಬಂದು ಹೇಳ್ತೀನಿ” ಎಂದರು. ಏನು ಹೇಳುತ್ತೇನೆಂದು ಹೇಳಲಿಲ್ಲ.

ಮನೆಯಲ್ಲಿ ಹೆಂಡತಿ ಒಗೆದ ಬಟ್ಟೆ ಮಡಿಸುತ್ತಿದ್ದಳು. ತಟ್ಟೆಯಲ್ಲಿದ್ದದ್ದು ಹಾಗೇ ಉಳಿದದ್ದು ನೋಡಿ ಬಾಯಿ ಬಿಡಿಸಿದಳು. ಎಲ್ಲ ಕೇಳಿ, “ಓದಿದ್ರೋ ಇಲ್ವೋ?” ಎಂದಳು.

“ಅಕ್ಷರ ಓದಿದೆ.”

“ನನ್ನ ಕಾಗದ ಓದಿದ ಹಾಗೆ.”

“ಅದ್ಯಾಕೆ ಈಗ?”

“ಅಮ್ಮನಿಗೆ ಹುಷಾರಿಲ್ಲ, ಒಂದ್ಸಲ ಬನ್ನಿ ಅಂತ ಬರೆದಿದ್ದೆ. ನೀವು ತಪ್ಪು ತಿದ್ದಿ ಕಳಿಸಿದ್ರಿ. ಇಷ್ಟೂ ವರ್ಷದಿಂದ ಅದನ್ನ ಜೋಕು ಅಂತ ಹೇಳ್ಕೊಂಡು ಬರ್ತಿದೀರಲ್ಲ, ನಾನೇನಾದ್ರೂ ಅಂದಿದೀನಾ?”

ಅಂಗಿಯ ತೋಳನ್ನು ಅವಳು ನೀಟಾಗಿ ಹಿಂದಕ್ಕೆ ಮಡಿಚಿದಳು.

ವಿಚಾರಣೆಯ ಕೋಣೆಯಲ್ಲಿ ದೂರು ಅಧಿಕಾರಿಣಿಗೆ ನೆಗಡಿಯಾಗಿತ್ತು. ಕರವಸ್ತ್ರ ಹಿಡಿದೇ ಕೇಳಿಸಿಕೊಳ್ಳುತ್ತಿದ್ದರು. ಬ್ಯಾಂಕಿನವನು ಇಸ್ತ್ರಿ ಮಾಡಿದ ಹುಡುಗ, ಒರಟನಲ್ಲ. “ನಾವು ಮೋಸ ಮಾಡಿಲ್ಲ ಮೇಡಂ. ಎರಡು ದಿನ ಟೈಮ್ ಕೊಟ್ಟಿದೀವಿ, ಓದಿಸ್ಕೊಂಡು ಬಂದಿದಾರೆ.”

ಅಕ್ಕ ಭೂತಗನ್ನಡಿಯವರ ಕಡೆ ತಿರುಗಿದಳು. ಮುಖದಲ್ಲಿ ಗೆದ್ದಾಯಿತೆಂಬ ನೆಮ್ಮದಿ.

ಅವರು ಎದ್ದು ನಿಂತರು. “ಗೀಟು ನಂದು ಮೇಡಂ. ಸಾಲು ಆಗ್ಲೂ ಇತ್ತು.”

“ಹಾಗಾದ್ರೆ ಓದಿ ಹೇಳಿದೀರಿ” ಎಂದರು ಅಧಿಕಾರಿ.

“ಇಲ್ಲ. ತಪ್ಪು ಹುಡುಕಿದೆ. ಅರ್ಥ ನೋಡ್ತಾ ಕೂತ್ರೆ ನಮ್ಮ ಕೆಲಸದಲ್ಲಿ ಅಕ್ಷರ ಕಾಣಲ್ಲ. ಮೂವತ್ತೆಂಟು ವರ್ಷದ ಚಟ. ಏನೂ ತಿಳೀದೆ ‘ಸರಿ ಇದೆ’ ಅಂದೆ. ಈಕೆಗೆ ಈ ಸಾಲಿನ ಅರ್ಥ ಯಾರೂ ಹೇಳಿಲ್ಲ. ಅದನ್ನ ಬರ್ಕೊಡ್ತೀನಿ.”

ಅಕ್ಕ ಮಣಿಕಟ್ಟಿನ ಪಟ್ಟಿಯನ್ನೇ ನೋಡುತ್ತ ಕೂತಳು. ಅಧಿಕಾರಿ ಹಾಳೆ ಹಿಂದಕ್ಕೆ ತಿರುವಿ ಮೊದಲ ಪುಟದ ಮೇಲೆ ಬೆರಳಿಟ್ಟರು. “ಉದ್ಯೋಗ: ಬೈಂಡಿಂಗ್, ಕೆಲಸವಿದ್ದ ದಿನ ಕೂಲಿ. ಇದು ನಿಮ್ಮ ಬ್ಯಾಂಕಿನವರ ಬರಹ ತಾನೆ? ಈಯಮ್ಮನಿಗೆ ಸಿಗದ ವಿಮೆ ಅಂತ ಗೊತ್ತಿದ್ದೂ ಮಾರಿದ್ರಾ?”

“ತಿಂಗಳಿಗೆ ಇಷ್ಟು ವಿಮೆ ಮಾಡಿಸಲೇಬೇಕು ಅಂತಾರೆ ಮೇಲಿನವರು, ಮೇಡಂ…” ಹುಡುಗ ಟೈ ಸಡಿಲಿಸಿದ. “ನಿಜ ಹೇಳ್ಬೇಕಂದ್ರೆ, ಏಳನೇ ಪುಟ ನಾವೂ ಓದಿರ್ಲಿಲ್ಲ.”

ಹಿಂದಿರುಗುವಾಗ ಬಸ್ಸಿನಲ್ಲಿ ಅಕ್ಕ ಬೇರೆ ಸೀಟಿನಲ್ಲಿ ಕೂತಳು. ಮರುದಿನದಿಂದ ಹೊಲಿಯಬೇಕಾದ ಹಾಳೆಗಳನ್ನು ಅವರ ಮೇಜಿನಿಂದ ಎತ್ತಿಕೊಂಡು ಹೋಗುವಾಗಲೂ ಮುಖ ಆಚೆ ತಿರುಗಿಸಿಕೊಂಡಿರುತ್ತಿದ್ದಳು. ಸುದ್ದಿ ಹೇಗೋ ಹರಡಿತು. ಯಂತ್ರದ ಕಡೆಯಿಂದ ‘ಭೂತಗನ್ನಡಿ’ ಎಂಬ ಮಾತು ಕೇಳಿಬಂದರೆ ಈಗ ಅದರ ಹಿಂದೆಯೇ ನಗೆಯೂ ಬರುತ್ತಿತ್ತು. ಅವರು ತಲೆ ಎತ್ತುತ್ತಿರಲಿಲ್ಲ.

ಎರಡು ತಿಂಗಳ ನಂತರ, ಊಟದ ಹೊತ್ತಿಗೆ, ಮೇಜಿನ ಮೇಲೆ ಒಂದು ಲಕೋಟೆ ಬಂದು ಕೂತಿತು. ಎದುರಿಗೆ ಅಕ್ಕ.

“ಪರಿಹಾರ ಕೊಡ್ತಾರಂತೆ. ನಾಲ್ಕು ಪುಟ ಇದೆ, ಸೈನ್ ಹಾಕ್ಬೇಕಂತೆ.”

“ಬೇರೆ ಯಾರ ಹತ್ರಾನಾದ್ರೂ ಓದಿಸಮ್ಮ.”

“ನೀವೇ ಓದಿ.” ಅವಳು ಸ್ಟೂಲೆಳೆದು ಕೂತಳು. ಅವರ ಕೈ ತಾನಾಗಿ ಜೇಬಿಗೆ ಹೋಯಿತು. ಅಕ್ಕ ಕೈ ಚಾಚಿ ಆ ಕೆಂಪು ಪೆನ್ನು ತೆಗೆದುಕೊಂಡು ತನ್ನ ಮುಡಿಗೆ ಸಿಕ್ಕಿಸಿಕೊಂಡಳು. “ಇದು ನನ್ ಹತ್ರ ಇರ್ಲಿ. ಗಟ್ಟಿಯಾಗಿ ಓದಿ.”

ಅವರು ಓದತೊಡಗಿದರು. ಎರಡನೆಯ ಸಾಲಿನಲ್ಲೇ ಒಂದು ತಪ್ಪು, ಚಪ್ಪಲಿಯೊಳಗಿನ ಹರಳಿನಂತೆ ಒತ್ತಿತು. ಒತ್ತಲಿ ಎಂದು ಮುಂದೆ ಹೋದರು.

“ನಿಲ್ಲಿ,” ಎಂದಳು ಅಕ್ಕ. “ಹಾಗಂದ್ರೆ ಏನು?”

ಅವರು ಆ ಸಾಲನ್ನು ಮತ್ತೆ ಓದಿದರು. ಕನ್ನಡಕ ತೆಗೆದು ಒರೆಸಿ, ಇನ್ನೊಮ್ಮೆ ಓದಿದರು.

“ತಡಿಯಮ್ಮ,” ಎಂದರು, “ನಂಗೂ ಗೊತ್ತಾಗ್ಲಿಲ್ಲ. ಇಬ್ರೂ ಹೋಗಿ ಕೇಳ್ಕೊಂಡು ಬರೋಣ.”