ಬಾಗಿಲು ಹಿಡಿದವಳು

ಟಕ್, ಟಕ್ — ದೊಡ್ಡ ಮೇಡಂ ಬೆರಳು ಮೈಕಿನ ತಲೆ ಕುಟ್ಟುತ್ತಿದೆ, ಬೆರಳಿನಲ್ಲಿ ಕೆಂಪು ಹರಳಿನ ಉಂಗುರ, ಉಂಗುರ ತಗುಲಿದಾಗಲೆಲ್ಲ ಕಂಬದ ಮೇಲಿನ ಸ್ಪೀಕರು ಕೀ ಎಂದು ಚೀರುತ್ತದೆ, ಮುಂದಿನ ಸಾಲಿನ ಪುಟಾಣಿಗಳು ಕಿವಿ ಮುಚ್ಚಿಕೊಂಡು ನಗುತ್ತಾರೆ, ನಗಲಿ ಪಾಪ, ಇನ್ನು ಸ್ವಲ್ಪ ಹೊತ್ತಿಗೆ ಇಲ್ಲಿ ನಗುವಂಥದ್ದೇನೂ ಉಳಿಯುವುದಿಲ್ಲ, ಎಂದುಕೊಂಡಳು ವೇದಿಕೆಯ ಮೇಲೆ ಟೀಚರುಗಳ ಸಾಲಿನ ಕಟ್ಟಕಡೆಗೆ ನಿಂತಿದ್ದ ಪೌರನೀತಿ ಟೀಚರು — ಪೌರನೀತಿ ಮತ್ತು ವ್ಯಕ್ತಿತ್ವ ವಿಕಸನ, ವೇಳಾಪಟ್ಟಿಯ ಚೌಕದಲ್ಲಿ ಹಿಡಿಸದಷ್ಟು ಉದ್ದದ ಹೆಸರು, ವಾರಕ್ಕೊಂದೇ ಪೀರಿಯಡ್ಡು, ಅದೂ ಶನಿವಾರದ ಕೊನೆಯದು, ಹೆಸರು ಹೇಳಿ ಮುಗಿಸುವಷ್ಟರಲ್ಲಿ ಗಂಟೆ ಹೊಡೀತದಲ್ಲ ಮೇಡಂ ಎಂದು ಲೆಕ್ಕದ ಮೇಷ್ಟ್ರ ಹಾಸ್ಯ, ಹಾಸ್ಯದ ಬೆನ್ನಿಗೇ, ಈ ವಾರ ನಿಮ್ಮ ಪೀರಿಯಡ್ ನನಗೆ ಕೊಟ್ಬಿಡಿ, ಭಿನ್ನರಾಶಿ ಬಾಕಿ ಇದೆ, ಒಳ್ಳೆ ನಾಗರಿಕರಾಗೋಕೆ ಮಕ್ಕಳಿಗೆ ಇಡೀ ಆಯುಸ್ಸಿದೆ — ಕೊಟ್ಟಿದ್ದಾಳೆ, ಎಷ್ಟೋ ಸಲ ಕೊಟ್ಟಿದ್ದಾಳೆ, ಇನ್ನು ಕೊಡುವುದಿಲ್ಲ, ಈ ಮೇಷ್ಟ್ರು ಇವತ್ತು ತನ್ನ ಪಕ್ಕದಲ್ಲೇ ನಿಂತಿದ್ದಾರೆ, ಸೀಮೆಸುಣ್ಣದ ವಾಸನೆ, ಮೆಲ್ಲಗೆ ಕೇಳುತ್ತಿದ್ದಾರೆ, ಹುಡುಗಿಗೆ ಹೇಳಿಕೊಟ್ರಾ? ಏನನ್ನು? ಅದೇ, ಕ್ಷಮೆ ಕೇಳೋ ಮಾತು. ಅವಳು ಮೈದಾನದ ಕಡೆ ನೋಡಿದಳು. ಕೆಳಗೆ ನಾಲ್ಕನೆಯ ತರಗತಿಯ ಸಾಲಿನಲ್ಲಿ ಮೆಣಸಿನಕಾಳು ನಿಂತಿದೆ, ಸ್ಟಾಫ್ ರೂಮಿನವರು ಇಟ್ಟ ಹೆಸರು, ಗಾತ್ರ ಕಾಳಿನಷ್ಟು, ಖಾರ ಊರಿಗಾಗುವಷ್ಟು, ಎರಡು ಜಡೆ, ಒಂದು ರಿಬ್ಬನ್ನು ಯಾವಾಗಲೂ ಬಿಚ್ಚಿಕೊಂಡೇ ಇರುತ್ತದೆ, ಆ ಕಣ್ಣು ವೇದಿಕೆಯ ಸಾಲನ್ನು ಒಂದು ಕಡೆಯಿಂದ ಹುಡುಕಿಕೊಂಡು ಬಂತು, ಲೆಕ್ಕದ ಮೇಷ್ಟ್ರನ್ನು ದಾಟಿ ಅವಳ ಮೇಲೆ ನಿಂತಿತು. ಪಕ್ಕದಲ್ಲಿ ಇರ್ತೀರಾ ಮಿಸ್? ಎಂದು ನಿನ್ನೆ ಕೇಳಿತ್ತು, ಇರ್ತೀನಿ ಎಂದಿದ್ದಳು. ಇಲ್ಲಿಂದ ಆ ಮೈಕಿಗೆ ಎಷ್ಟು ದೂರ, ಇದನ್ನು ಪಕ್ಕ ಎನ್ನುತ್ತಾರೆಯೇ.

ಒಂದು ಚಿಲಕ. ಬೆರಳುದ್ದದ ಕಬ್ಬಿಣದ ತುಂಡು, ಅದಕ್ಕೆ ಇಷ್ಟು ದೊಡ್ಡ ರಾದ್ಧಾಂತ. ಅದು ಮುರಿದದ್ದೂ ಅಲ್ಲ, ಬಿಚ್ಚಿಸಿದ್ದು, ಒಂದನೆಯ ತರಗತಿಯ ಮಗುವೊಂದು ಶೌಚಾಲಯದ ಒಳಗೆ ಸಿಕ್ಕಿಹಾಕಿಕೊಂಡು, ಬಡಗಿ ಬಂದು ಬಾಗಿಲು ಬಿಚ್ಚುವ ತನಕ ಅತ್ತಿತ್ತಂತೆ, ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ ಹುಡುಗಿಯರ ಕಡೆಯ ಎಲ್ಲ ಬಾಗಿಲುಗಳ ಚಿಲಕ ತೆಗೆಸಿದರು, ಮೊಳೆಯ ತೂತುಗಳ ಮೇಲೆ ಹಸಿರು ಬಣ್ಣ ಬಳಿಸಿದರು, ಟೀಚರುಗಳ ಶೌಚಾಲಯಕ್ಕೆ ಮಾತ್ರ ಚಿಲಕವೂ ಉಂಟು ಬೀಗವೂ ಉಂಟು, ದೊಡ್ಡವರು ಒಳಗೆ ಸಿಕ್ಕಿಕೊಂಡು ಅಳುವುದಿಲ್ಲ ಎಂದಿರಬೇಕು. ಬಾಗಿಲುಗಳು ಹೊರಕ್ಕೆ ತೆರೆಯುವಂಥವು, ಯಾರೂ ಹಿಡಿಯದಿದ್ದರೆ ತಾವಾಗಿಯೇ ಬಾಯಿಬಿಡುತ್ತವೆ, ಹಾಗಾಗಿ ಹುಡುಗಿಯರು ತಮ್ಮಲ್ಲೇ ಒಂದು ಕಟ್ಟಳೆ ಮಾಡಿಕೊಂಡರು, ಒಬ್ಬಳು ಒಳಗೆ, ಒಬ್ಬಳು ಹೊರಗೆ, ಹೊರಗಿನವಳು ಬಾಗಿಲಿಗೆ ಬೆನ್ನು ಕೊಟ್ಟು ಹಿಮ್ಮಡಿ ಒತ್ತಿ ನಿಲ್ಲಬೇಕು, ಮುಖ ಹೊರಗಡೆಗೇ, ತಿರುಗಿ ನೋಡಕೂಡದು, ಒಳಗಿನವಳು ಆಯ್ತು ಎನ್ನುವ ತನಕ ಬಿಡಕೂಡದು, ಯಾರೇ ಕರೆಯಲಿ, ಏನೇ ಆಗಲಿ — ಎಷ್ಟು ಚೆನ್ನಾಗಿದೆ ಎಂದುಕೊಂಡಿದ್ದಳು ಅವಳು, ಅಯ್ಯೋ ದೇವರೇ, ಎಷ್ಟು ಚೆನ್ನಾಗಿದೆ ಎಂದುಕೊಂಡು ಬೋರ್ಡಿನ ಮೇಲೆ ಗುಂಡಗೆ ಸಹಕಾರ ಎಂದು ಬರೆದು, ನೋಡಿ ಮಕ್ಕಳೇ, ಉದಾಹರಣೆಗೆ ಬೇರೆಲ್ಲೂ ಹೋಗೋದು ಬೇಡ, ನಮ್ಮ ಹುಡುಗಿಯರು ಬಾಗಿಲು ಹಿಡೀತಾರಲ್ಲ, ಅದೇ ಒಳ್ಳೆ ನಾಗರಿಕರ ಲಕ್ಷಣ, ಎಲ್ಲರೂ ಚಪ್ಪಾಳೆ ಹೊಡೀರಿ — ಹೊಡೆದರು, ಮೆಣಸಿನಕಾಳು ಮಾತ್ರ ಹೊಡೆಯಲಿಲ್ಲ, ಎದ್ದು ನಿಂತಿತು, ಮಿಸ್, ಚಿಲಕ ಇದ್ದಿದ್ರೆ ಹಿಡಿಯೋದೇ ಬೇಕಿರ್ಲಿಲ್ಲ ಅಲ್ವಾ? ಅದು ಸರಿ, ಆದರೆ — ಮತ್ತೆ ಫ್ರೆಂಡ್ಸ್ ಇಲ್ದೇ ಇರೋಳು ಏನ್ ಮಾಡ್ಬೇಕು ಮಿಸ್? ಎಲ್ಲರ ಕಣ್ಣೂ ಹಿಂದಿನ ಬೆಂಚಿಗೆ ಹೊರಳಿತು, ಅಲ್ಲಿ ಹೊಸದಾಗಿ ಸೇರಿದ, ಯಾರೊಂದಿಗೂ ಬೆರೆಯದ ಹುಡುಗಿ, ತಲೆ ಎತ್ತಲಿಲ್ಲ, ಅವಳ ಮುಂದೆ ನೀರಿನ ಬಾಟಲಿ, ಶಾಲೆ ಬಿಡುವ ಹೊತ್ತಾಗಿತ್ತು, ಬಾಟಲಿ ಕಂಠಮಟ್ಟ ತುಂಬಿತ್ತು. ಬೆಳಗಿನಿಂದ ಒಂದು ಗುಟುಕೂ ಕುಡಿದಿರಲಿಲ್ಲ ಆ ಮಗು, ಕುಡಿದರೆ ಹೋಗಬೇಕಾಗುತ್ತದಲ್ಲ, ಅದಕ್ಕೆ. ಎಷ್ಟು ದಿನದಿಂದ ಆ ಬಾಟಲಿಯನ್ನು ನೋಡುತ್ತಿದ್ದಳು ತಾನು, ಕಣ್ಣಿದ್ದೂ ಕುರುಡಿ. ಸಹಕಾರವನ್ನು ಅಂಗೈಯಿಂದಲೇ ಒರೆಸಿಬಿಟ್ಟಳು, ಡಸ್ಟರು ಹುಡುಕುವಷ್ಟು ತಾಳ್ಮೆ ಇರಲಿಲ್ಲ, ಇದನ್ನ ಯಾರನ್ನ ಕೇಳಬೇಕು ಹೇಳಿ ಎಂದಳು, ಬಿಚ್ಚಿಸಿದವರನ್ನ, ಎಂದಿತು ತರಗತಿ.

ಕೇಳಿದರು ಕೂಡ. ಕೈಕಟ್ಟಿಕೊಂಡು, ಸಾಲಾಗಿ ಹೋಗಿ, ಒಳಗೆ ಬರಬಹುದಾ ಮೇಡಂ ಎಂದು ಅಪ್ಪಣೆ ಪಡೆದು ಕೇಳಿದರು, ನೋಡೋಣ ಎಂದರು ದೊಡ್ಡ ಮೇಡಂ, ನೋಡೋಣ ಎನ್ನುವುದು ಇಲ್ಲ ಎನ್ನುವುದರ ಸಂಭಾವಿತ ತಂಗಿ, ಮತ್ತೆ ಹೋಗಿ ಕೇಳಿದರು, ಆಗಲೂ ನೋಡೋಣ, ಅಷ್ಟರಲ್ಲಿ ತಪಾಸಣೆಯ ಸಾಹೇಬರು ಬರುವ ಸುದ್ದಿ ಬಂತು, ಗೇಟಿಗೆ ಬಣ್ಣ, ಕುಂಡಗಳಿಗೆ ಬಣ್ಣ, ತರಗತಿ ತರಗತಿಗೂ ಸೂರ್ಯಕಾಂತಿಯ ಚಾರ್ಟು, ಒಂದೊಂದು ಎಸಳಿಗೆ ಒಂದೊಂದು ಸದ್ಗುಣ, ಪ್ರಾಮಾಣಿಕತೆ, ಸಮಯಪಾಲನೆ, ಮೇಲಿನ ಎಸಳಿನಲ್ಲಿ ಧೈರ್ಯವಾಗಿ ಪ್ರಶ್ನಿಸು, ಪುಸ್ತಕದ ಬದನೆಕಾಯಿಗೆ ಬಣ್ಣ ಬಳಿದು ಗೋಡೆಗೆ ನೇತುಹಾಕಿದ್ದಾಯಿತು. ಸಾಹೇಬರು ಬಂದರು, ಕೂತರು, ಚಾರ್ಟು ನೋಡಿ ತಲೆದೂಗಿದರು, ಎಲ್ಲಿ ಮಕ್ಕಳೇ, ಒಳ್ಳೆ ನಾಗರಿಕರು ಅಂದ್ರೆ ಯಾರು? ಕಸ ಬುಟ್ಟಿಗೇ ಹಾಕೋರು ಸಾರ್. ಸಾಲಲ್ಲಿ ನಿಲ್ಲೋರು ಸಾರ್. ಹಿರಿಯರಿಗೆ ಗೌರವ ಕೊಡೋರು ಸಾರ್. ಭೇಷ್, ಭೇಷ್, ದೊಡ್ಡ ಮೇಡಂ ಮುಖ ಸೂರ್ಯಕಾಂತಿಯಾಗಿತ್ತು, ಆಗ ಎದ್ದಿತು ನೋಡಿ ಮೆಣಸಿನಕಾಳು, ತನಗೆ ಬೇಡದಿದ್ರೂ ಬೇರೆಯವ್ರಿಗೋಸ್ಕರ ಕೇಳೋರು ಸಾರ್. ಏನು ಕೇಳೋರು ಪುಟ್ಟಿ? ಚಿಲಕ ಸಾರ್. ಸಾಹೇಬರು ನಕ್ಕರು, ಎಲ್ಲಿಯ ಚಿಲಕ ಎಂದರು, ಬನ್ನಿ ತೋರಿಸ್ತೀನಿ ಎಂದಿತು, ಕರೆದುಕೊಂಡೇ ಹೋಯಿತು, ಸಾಹೇಬರು ಹಸಿರು ಬಳಿದ ಮೊಳೆಯ ತೂತುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು, ನೆಟ್ಟಗೆ ಹೋಗಿ ಕಾರು ಹತ್ತಿದರು, ತಂದಿಟ್ಟ ಕಾಫಿ ಹಾಗೇ ಆರಿತು. ಅವಳಿಗೆ ಹೆದರಿಕೆಯೂ ಆಗಿತ್ತು, ಹೆದರಿಕೆಯ ಬೆನ್ನಿಗೆ ಎಂಥದೋ ಕುಣಿಯುವ ಖುಷಿಯೂ ಆಗಿತ್ತು, ಇಷ್ಟು ವರ್ಷ ಪಾಠ ಮಾಡಿ ಮೊದಲ ಬಾರಿಗೆ ಒಂದು ಪಾಠ ಗೋಡೆಯಿಂದ ಇಳಿದು ನಡೆದು ಹೋದದ್ದನ್ನು ಕಂಡಿದ್ದಳು.

ನಾನೇನು ರಾಕ್ಷಸಿನಾ ಹೇಳಿ? ಆ ಸಂಜೆ ಕೋಣೆಯಲ್ಲಿ ದೊಡ್ಡ ಮೇಡಂ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು, ಎರಡು ಕೋಣೆಯ ಶಾಲೆಯನ್ನ ಇಷ್ಟು ದೊಡ್ಡದು ಮಾಡ್ದೋಳು ನಾನು, ಆ ಮಗು ಒಳಗೆ ಅಳ್ತಿದ್ದಾಗ ನನ್ನ ಜೀವ ಹೋಗಿತ್ತು, ಅದಕ್ಕೇ ತೆಗೆಸ್ದೆ, ನನ್ನನ್ನ ಕೇಳಬಹುದಿತ್ತಲ್ಲ. ಕೇಳಿದ್ರಲ್ಲ ಮೇಡಂ. ಕೇಳಿದ್ರು, ನೋಡೋಣ ಅಂದೆ, ಉಗುರಲ್ಲಿ ಹೋಗೋದಕ್ಕೆ ಕೊಡಲಿ ಎತ್ತಿದ್ರಲ್ಲ ನೀವು, ಹೊರಗಿನವರ ಮುಂದೆ ಮನೆ ಮಾನ ಹರಾಜು ಹಾಕೋದಾ ಪೌರನೀತಿ ಅಂದ್ರೆ? ಚಿಲಕ ಹಾಕಿಸ್ಬಿಡಿ ಮೇಡಂ, ಮೇಲ್ಗಡೆ ಬೇಡ, ಮಕ್ಕಳ ಕೈಗೆಟುಕೋ ಹಾಗೆ, ಹೊರಗಿಂದ್ಲೂ ತೆಗೆಯೋಕೆ ಬರೋಂಥದ್ದು ಸಿಗುತ್ತೆ. ಈಗ ಹಾಕಿಸಿದ್ರೆ ಒಂದು ಚೋಟುದ್ದದ ಹುಡುಗಿಗೆ ನಾನು ಸೋತ ಹಾಗೆ, ಮೊದಲು ಅವಳು ಬೆಳಗಿನ ಸಭೆಯಲ್ಲಿ ಕ್ಷಮೆ ಕೇಳ್ಲಿ, ತಪ್ಪು ಮಾಡಿದೆ, ಶಾಲೆಯ ಮರ್ಯಾದೆ ಕಳೆದೆ, ಇನ್ನು ಮೇಲೆ ಹೀಗೆ ಮಾಡಲ್ಲ, ಇಷ್ಟೇ ಮಾತು, ನೀವೇ ಬಾಯಿಪಾಠ ಮಾಡಿಸಿ, ಇಲ್ಲಾಂದ್ರೆ ಆ ಪೀರಿಯಡ್ಡನ್ನ ಲೆಕ್ಕಕ್ಕೆ ಕೊಟ್ಬಿಡ್ತೀನಿ, ನೀವು ಶಿಶುವಿಹಾರ ನೋಡ್ಕೊಳ್ಳಿ. ಮಾತಾಡುವ ದೊಡ್ಡ ಮೇಡಂ ತಲೆಯ ಹಿಂದೆ ಸೂರ್ಯಕಾಂತಿಯ ಚಾರ್ಟು, ಅದರ ಪಕ್ಕದ ಮೊಳೆಯಲ್ಲಿ ಟೀಚರುಗಳ ಶೌಚಾಲಯದ ಬೀಗದ ಕೈ, ಗಾಳಿಗೆ ತೂಗುತ್ತಿತ್ತು, ಧೈರ್ಯವಾಗಿ ಪ್ರಶ್ನಿಸು ಎಂಬ ಎಸಳಿಗೆ ಬಡಿದು ಹಿಂದಕ್ಕೆ ಬರುತ್ತಿತ್ತು. ಮನೆಯಲ್ಲಿ ಗಂಡ, ಊರ ಉಸಾಬರಿ ನಿನಗ್ಯಾಕೆ, ಕ್ಷಮೆ ತಾನೇ, ಕೇಳಿಸ್ಬಿಡು, ಮಕ್ಕಳು ನಾಳೆಗೇ ಮರೀತಾವೆ ಎಂದ, ತಟ್ಟೆಯಿಂದ ಕಣ್ಣೆತ್ತದೆ. ಮರೆಯುವುದಿಲ್ಲ ಮಾರಾಯ. ಮಕ್ಕಳು ಭಿನ್ನರಾಶಿ ಮರೆಯುತ್ತಾರೆ, ಇದನ್ನು ಮರೆಯುವುದಿಲ್ಲ, ಬಾಯಿಬಿಟ್ಟರೆ ಬಣ್ಣಗೇಡು ಎಂಬುದನ್ನು ಒಮ್ಮೆ ಕಲಿತರೆ ಮುಗಿಯಿತು, ಸಾಯುವ ತನಕ ಅದೇ ಪೌರನೀತಿ, ತಾನೂ ಹಾಗೆ ಕಲಿತವಳೇ, ಇಲ್ಲದಿದ್ದರೆ ಇಷ್ಟು ವರ್ಷ ಆ ಬೀಗದ ಕೈಯನ್ನು ಮೊಳೆಯಿಂದ ತೆಗೆದುಕೊಂಡು ಹೋಗಿ ಬಂದು ಮತ್ತೆ ಅಲ್ಲೇ ನೇತುಹಾಕುತ್ತಿದ್ದಳೇ.

ನಿನ್ನೆ ಮೆಟ್ಟಿಲ ಕೆಳಗೆ ಕರೆದು ಕೂರಿಸಿಕೊಂಡಿದ್ದಳು, ಹೇಳಬೇಕಾದ ಮಾತನ್ನೆಲ್ಲ ಹೇಳಿದಳು, ದೊಡ್ಡ ಮೇಡಂ ಹೀಗೆ ಹೇಳು ಅಂತಾರೆ, ನಿನಗೆ ಏನನ್ಸುತ್ತೆ? ಕಾಳು ಶೂವಿನ ತುದಿಯಿಂದ ನೆಲ ಕೆರೆಯಿತು, ಕ್ಷಮೆ ಕೇಳೋದು ತಪ್ಪು ಮಾಡಿದ್ರೆ ಅಂತ ನೀವೇ ಹೇಳಿಕೊಟ್ಟಿದ್ರಿ ಮಿಸ್, ನಾನು ಯಾವ ತಪ್ಪು ಮಾಡ್ದೆ? ಮಾಡಿಲ್ಲ. ಮತ್ತೆ? ಅವಳು ಕೈ ಚಾಚಿ ಬಿಚ್ಚಿದ ರಿಬ್ಬನ್ನು ಕಟ್ಟಿದಳು. ಮೈಕ್ ಮುಂದೆ ನಂಗೆ ಭಯ ಆಗುತ್ತೆ, ದೊಡ್ಡ ಮೇಡಂ ಹತ್ರ ಬಂದ್ರೆ ಮಾತೇ ಬರಲ್ಲ, ನೀವು ಪಕ್ಕದಲ್ಲಿ ಇರ್ತೀರಾ ಮಿಸ್? ಆ ಶೂ, ಕಪ್ಪು ಶೂ, ಹಿಮ್ಮಡಿಯ ಹತ್ತಿರ ಬಣ್ಣ ಹೋಗಿ ಬಿಳಿಚಿಕೊಂಡಿದೆ, ಬಾಗಿಲಿಗೆ ಒತ್ತಿ ಒತ್ತಿ, ಆ ಶೂವನ್ನು ಅವಳು ಅದಕ್ಕೂ ಮೊದಲೇ ನೋಡಿದ್ದಳು, ಸಾಹೇಬರು ಬಂದು ಹೋದ ಮರುದಿನ, ಬಿಡುವು ಮುಗಿದ ಗಂಟೆ ಬಾರಿಸುತ್ತಿತ್ತು, ಢಣ ಢಣ ಢಣ, ಮಕ್ಕಳೆಲ್ಲ ತರಗತಿಗಳಿಗೆ ದಡಬಡ ಓಡುತ್ತಿದ್ದರು, ಮೊಗಸಾಲೆ ಖಾಲಿಯಾಯಿತು, ಆ ತುದಿಯಲ್ಲಿ ಒಂದೇ ಒಂದು ಹುಡುಗಿ, ಹಸಿರು ಬಾಗಿಲಿಗೆ ಬೆನ್ನು ಕೊಟ್ಟು, ಹಿಮ್ಮಡಿ ಒತ್ತಿ, ಮುಖ ಹೊರಗಡೆಗೆ, ಲೆಕ್ಕದ ಮೇಷ್ಟ್ರು ಏಯ್ ಗಂಟೆ ಕೇಳಿಸ್ಲಿಲ್ವಾ ಎಂದು ಗದರುತ್ತಿದ್ದಾರೆ, ಅಲ್ಲಾಡಲಿಲ್ಲ, ಒಳಗಿನಿಂದ ಆಯ್ತು ಎಂಬ ಸಣ್ಣ ದನಿ ಬರುವ ತನಕ ಅಲ್ಲಾಡಲಿಲ್ಲ, ಬಾಗಿಲು ತೆರೆಯಿತು, ಹೊರಗೆ ಬಂದದ್ದು ಆ ಹೊಸ ಹುಡುಗಿ. ತಡವಾಗಿ ಬಂದದ್ದಕ್ಕೆ ಮೇಷ್ಟ್ರು ಇಬ್ಬರನ್ನೂ ತರಗತಿಯ ಹೊರಗೆ ನಿಲ್ಲಿಸಿದರು, ಕಾರಣ ಕೇಳಲಿಲ್ಲ, ಇವರೂ ಹೇಳಲಿಲ್ಲ. ಇರ್ತೀನಿ, ಎಂದಿದ್ದಳು ಮೆಟ್ಟಿಲ ಕೆಳಗೆ.

ನಾಲ್ಕನೆಯ ತರಗತಿಯ ವಿದ್ಯಾರ್ಥಿನಿ ಒಬ್ಬಳು ಈಗ ನಿಮ್ಮೆಲ್ಲರ ಮುಂದೆ ಎರಡು ಮಾತು ಹೇಳ್ತಾಳೆ, ಸ್ಪೀಕರಿನಲ್ಲಿ ದೊಡ್ಡ ಮೇಡಂ ದನಿ, ಸಾಲು ಬಿಡಿಸಿಕೊಂಡು ಕಾಳು ಬರುತ್ತಿದೆ, ಬಿಚ್ಚಿದ ರಿಬ್ಬನ್ನು ಹಿಂದೆ ಹಿಂದೆ, ಮೆಟ್ಟಿಲು ಹತ್ತಿತು, ಮೈಕು ಎತ್ತರ, ದೊಡ್ಡ ಮೇಡಂ ಅದನ್ನು ಬಗ್ಗಿಸಿ ಪಕ್ಕಕ್ಕೆ ಸರಿದರು, ಹೇಳಮ್ಮ. ಸ್ಪೀಕರಿನಲ್ಲಿ ಬರೀ ಉಸಿರು, ಪುಟ್ಟ ಉಸಿರು, ಇಡೀ ಮೈದಾನಕ್ಕೆ ಕೇಳಿಸುವಷ್ಟು. ಹೇಳು, ತಪ್ಪು ಮಾಡಿದೆ ಅಂತ ಹೇಳು, ದೊಡ್ಡ ಮೇಡಂ ಒಂದು ಹೆಜ್ಜೆ ಹತ್ತಿರ ಬಂದರು, ಉಂಗುರದ ಕೈ ಹುಡುಗಿಯ ಭುಜದ ಕಡೆಗೆ — ಮತ್ತು ಸಾಲಿನ ಕಟ್ಟಕಡೆಯಿಂದ ಅವಳ ಕಾಲುಗಳು ನಡೆಯತೊಡಗಿವೆ, ಯಾವಾಗ ಶುರುವಾಯಿತೋ, ಮೇಡಂ ಎಲ್ಲಿಗ್ರೀ ಎಂದರು ಲೆಕ್ಕದ ಮೇಷ್ಟ್ರು, ತಗೊಳ್ಳಿ ಮೇಷ್ಟ್ರೇ, ಬೇಕಾದರೆ ಪೀರಿಯಡ್ಡನ್ನು ತಗೊಳ್ಳಿ, ಹುಡುಗಿಯನ್ನು ಕೊಡುವುದಿಲ್ಲ, ಬಾಯಲ್ಲಿ ಅಂದಳೋ ಮನಸ್ಸಲ್ಲಿ ಅಂದಳೋ, ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು, ಹೋಗಿ ಅವರಿಬ್ಬರ ನಡುವೆ ನಿಂತಳು, ಹುಡುಗಿಗೆ ಬೆನ್ನು ಕೊಟ್ಟು, ದೊಡ್ಡ ಮೇಡಂಗೆ ಮುಖ ಕೊಟ್ಟು, ಎಷ್ಟು ಹತ್ತಿರ, ಅವರ ಕನ್ನಡಕದಲ್ಲಿ ತನ್ನದೇ ಎರಡು ಮುಖಗಳು ಕಾಣುವಷ್ಟು, ಏನಿದು, ಸರೀರಿ ಪಕ್ಕಕ್ಕೆ. ಇಲ್ಲ ಮೇಡಂ. ನಾನು ಹೇಳ್ತಿದೀನಿ ಸರೀರಿ. ಅವಳು ಮಾತಾಡ್ಲಿ ಮೇಡಂ. ಬಲಗಾಲನ್ನು ಹಿಂದಕ್ಕಿಟ್ಟಳು, ಹಿಮ್ಮಡಿಗೆ ಮೈಕಿನ ಕಂಬದ ಬುಡ ತಗುಲಿತು, ಒತ್ತಿ ಹಿಡಿದಳು. ಬೆನ್ನ ಹಿಂದೆ ಒಂದು ಕೆಮ್ಮು, ಆಮೇಲೆ, ಎಲ್ಲರಿಗೂ ನಮಸ್ಕಾರ, ಎಂದಿತು ಸ್ಪೀಕರು, ನಮ್ಮ ಬಾಗಿಲಿಗೆ ಚಿಲಕ ಇಲ್ಲ, ದನಿ ಮೊದಲು ಸಣ್ಣಗೆ, ನಮ್ಮ ಕ್ಲಾಸಲ್ಲಿ ಒಬ್ಬಳು ಇಡೀ ದಿನ ನೀರೇ ಕುಡೀತಿರ್ಲಿಲ್ಲ, ಆಮೇಲೆ ಅಷ್ಟು ಸಣ್ಣಗಲ್ಲ, ತಿರುಗಿ ಅದರ ಮುಖ ನೋಡಬೇಕು ಎನ್ನಿಸುತ್ತದೆ, ನೋಡಕೂಡದು, ಹಿಡಿದವಳು ಹೊರಗಡೆಗೇ ನೋಡಬೇಕು, ದೊಡ್ಡ ಮೇಡಂ ಗಂಟೆಯ ಕಡೆ ಕೈ ಬೀಸುತ್ತಿದ್ದಾರೆ, ಹೊಡೀರಿ, ಗಂಟೆ ಹೊಡೀರಿ, ಢಣ ಢಣ ಢಣ, ಸಾಲುಗಳು ಅಲುಗಿದವು, ಒಂದು ಸಾಲೂ ಮುರಿಯಲಿಲ್ಲ, ಗಂಟೆಯ ಮೇಲೆ ದನಿ, ದನಿಯ ಮೇಲೆ ಗಂಟೆ, ಕಾಳು ಇನ್ನೂ ಮಾತಾಡುತ್ತಿದೆ, ಆಯ್ತು ಎಂದಿಲ್ಲ, ಇನ್ನೂ ಆಯ್ತು ಎಂದಿಲ್ಲ, ಖಾಲಿ ಮೊಗಸಾಲೆ, ಹಸಿರು ಬಾಗಿಲು, ಬಾರಿಸುತ್ತಲೇ ಇರುವ ಗಂಟೆ, ಬಾಗಿಲಿಗೆ ಒತ್ತಿದ ಕಪ್ಪು ಶೂ, ಬಿಳಿಚಿದ ಹಿಮ್ಮಡಿ, ಒತ್ತಿ ಹಿಡಿದ ತನ್ನ ಹಿಮ್ಮಡಿ —