ಅಂಬವ್ವನ ಉಗುರುಸುತ್ತು

ಪರೇಲ್‌ನಲ್ಲಿ ಕಸ್ತೂರಿಬಾಯಿ ನಡೆಸುತ್ತಿದ್ದ ಖಾನಾವಳಿಯ ಅಡುಗೆಮನೆಯಲ್ಲಿ ರೊಟ್ಟಿಗೆಂದೇ ಎರಡು ಒಲೆಗಳಿದ್ದವು. ಒಂದರ ಮುಂದೆ ಬಸಲಿಂಗವ್ವ, ಇನ್ನೊಂದರ ಮುಂದೆ ಅಂಬವ್ವ. ಇಬ್ಬರೂ ವಿಜಯಪುರದ ಕಡೆಯವರು. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಮೂರರವರೆಗೆ ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತು ಜೋಳದ ರೊಟ್ಟಿ ಬಡಿಯುವರು. ಆದರೂ ಒಂದು ವರ್ಷದಿಂದ ಅವರ ನಡುವೆ ಮಾತಿರಲಿಲ್ಲ.

ಜಗಳ ಹುಟ್ಟಿದ್ದು ಒಂದು ನೇಲ್‌ಕಟರ್‌ನಿಂದ. ಬಸಲಿಂಗವ್ವನಿಗೆ ತನ್ನ ಬೆರಳುಗಳ ಬಗ್ಗೆ ವಿಪರೀತ ಕಾಳಜಿ. ಕುದಿಯುವ ನೀರಿನಲ್ಲಿ ಕಲಸಿದ ಹಿಟ್ಟನ್ನು ಬಿಸಿಯಿರುವಾಗಲೇ ನಾದಬೇಕು. ಹಿಟ್ಟು ಉಗುರಿನ ಸಂದಿಯಲ್ಲಿ ಸಿಕ್ಕಿ ಒಣಗಿದರೆ ಚರ್ಮ ಬಿರಿಯುತ್ತದೆ; ಬಿರಿದಲ್ಲಿ ನೀರು ಇಳಿದು ಕೀವಾಗುತ್ತದೆ. ಮುಂಬೈಗೆ ಬಂದ ಮೊದಲ ವರ್ಷವೇ ಆಕೆ ಹಾಗೆ ಹೆಬ್ಬೆರಳಿನ ಉಗುರು ಕಳೆದುಕೊಂಡಿದ್ದಳು. ಅದು ಮತ್ತೆ ಬೆಳೆದದ್ದು ಸೊಟ್ಟಗೆ. ಅಂದಿನಿಂದ ಪ್ರತಿ ಸಲ ನಾದಿದ ಮೇಲೆ ಕೈ ತೊಳೆದು, ಒಂದೊಂದೇ ಬೆರಳನ್ನು ಒಣಬಟ್ಟೆಯಲ್ಲಿ ಒರೆಸಿಕೊಳ್ಳುವಳು. ಮೂರಕ್ಕೆ ಕೆಲಸ ಮುಗಿದರೆ ಕೊಬ್ಬರಿ ಎಣ್ಣೆ ತಿಕ್ಕುವಳು. ವಾರಕ್ಕೊಮ್ಮೆ ಮೂಲೆ ಕೆದಕದೆ ಉಗುರನ್ನು ನೇರಕ್ಕೆ ಕತ್ತರಿಸುವಳು. ಅದೇ ನೇಲ್‌ಕಟರ್ ತೆಗೆದುಕೊಂಡು ಅಂಬವ್ವ ಒಂದು ದಿನ ಕೇಳದೆಯೇ ತನ್ನ ಕಾಲಿನ ಉಗುರು ಕತ್ತರಿಸಿಕೊಂಡಳು.

"ಕಾಲಿಗೆ ಹಚ್ಚಿದ್ದನ್ನ ತಿರುಗಿ ನನ್ನ ಡಬ್ಬ್ಯಾಗ ಇಡ್ತೀ? ಹೇಸಿಗಿ ಬರೂದಿಲ್ಲ ನಿನಗ?"

"ಅಯ್ಯ, ಏನ್ ರಾಣಿ ಕೈಯವಾ! ಬಾಂದ್ರಾಕ ಹೋಗಿ ಪಾರ್ಲರ್ ತೆಗಿ, ಹೋಗ."

ಬಸಲಿಂಗವ್ವ ಆ ನೇಲ್‌ಕಟರನ್ನು ಅವಳ ಎದುರಿಗೇ ಕಸದ ಬುಟ್ಟಿಗೆ ಎಸೆದಳು. ಮಾತು ಅಲ್ಲಿಗೆ ನಿಂತಿತು.

ಜುಲೈನ ಒಂದು ಸೋಮವಾರ ಅಂಬವ್ವ ಬಲಗೈ ತೋರುಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದಳು. ಕಸ್ತೂರಿಬಾಯಿ ಕೇಳಿದಾಗ, "ಸ್ವಲ್ಪ ಸುಟ್ಟೈತ್ರಿ" ಅಂದಳು. ಬಸಲಿಂಗವ್ವ ನಂಬಲಿಲ್ಲ. ಆ ಬೆರಳನ್ನು ಮೇಲೆತ್ತಿ ಉಳಿದ ಬೆರಳುಗಳಿಂದ ರೊಟ್ಟಿ ಬಡಿಯುವ ರೀತಿ, ಹಲಗೆಗೆ ತುದಿ ತಾಗಿದಾಗ ಕಚ್ಚಿಕೊಳ್ಳುವ ತುಟಿ, ಎರಡೂ ಅವಳಿಗೆ ಗೊತ್ತಿದ್ದವು. ಅದು ಉಗುರುಸುತ್ತು. ದವಾಖಾನೆಗೆ ಹೋಗು ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅನುಭವಿಸಲಿ ಎಂದುಕೊಂಡಳು. ಮಂಗಳವಾರ ಬಟ್ಟೆ ಇನ್ನೂ ದಪ್ಪವಾಯಿತು. ಆಗಲೂ ಹೇಳಲಿಲ್ಲ.

ಬುಧವಾರ ಮಧ್ಯಾಹ್ನ ಒಂದು ಗಂಟೆ. ಆಫೀಸಿನವರು, ಹತ್ತಿರದ ಆಸ್ಪತ್ರೆಯಲ್ಲಿ ರೋಗಿಗಳನ್ನು ಮಲಗಿಸಿ ಬಂದ ಬೆಳಗಾವಿ ಕಡೆಯ ಮಂದಿ, ಎಲ್ಲ ಸೇರಿ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಅಂಬವ್ವನ ಬಟ್ಟೆ ಒದ್ದೆಯಾಗಿ ಹಳದಿಗಟ್ಟಿತ್ತು. ಬಸಲಿಂಗವ್ವ ತಟ್ಟನೆ ಅವಳ ಮಣಿಕಟ್ಟು ಹಿಡಿದು ಮೇಲೆತ್ತಿದಳು.

"ಬಾಯಾರ, ಬರ್ರಿ ಇಲ್ಲೆ! ನಿಮ್ಮ ಗಿರಾಕಿಗೋಳು ಏನ್ ತಿನ್ನಾಕತ್ತಾರ ನೋಡ್ರಿ!"

ಅಂಬವ್ವ ಕೊಸರಾಡುವಷ್ಟರಲ್ಲಿ ಬಟ್ಟೆ ಕಿತ್ತು ಬಂತು. ಬೆರಳು ಕೆಂಪಗೆ ಊದಿ ಬಿಗಿದಿತ್ತು. ಉಗುರಿನ ಬದಿಯಲ್ಲಿ ಬಿಳಿ ಕೀವು ಜಿನುಗುತ್ತಿತ್ತು. ಅಡುಗೆಮನೆಯಿಂದ ತಟ್ಟೆ ದಾಟಿಸುವ ಕಿಂಡಿಯ ಬಳಿ ಉಣ್ಣುತ್ತಿದ್ದವನೊಬ್ಬ ತಟ್ಟೆ ಸರಿಸಿ ಎದ್ದುಹೋದ. ಅವನ ಹಿಂದೆ ಇನ್ನಿಬ್ಬರು.

ಕಸ್ತೂರಿಬಾಯಿ ಎರಡೂ ಪರಾತಗಳ ಹಿಟ್ಟನ್ನು ಕಸದ ಬುಟ್ಟಿಗೆ ಸುರಿದಳು. "ನಡೀ ಮನಿಗೆ. ಕೈ ನೆಟ್ಟಗಾಗೂ ತನಕ ಮಾರಿ ತೋರಸಬ್ಯಾಡ."

ಅಂಬವ್ವ ಅಳಲಿಲ್ಲ. ಬಸಲಿಂಗವ್ವನ ಮುಂದೆ ನಿಂತು ನಿಧಾನಕ್ಕೆ ಬಟ್ಟೆ ಸುತ್ತಿಕೊಂಡಳು. "ಸೋಮಾರದಿಂದ ನೋಡಾಕತ್ತೀದಿ. ಮಂದಿ ತುಂಬಲಿ ಅಂತ ಕಾದಿ."

"ಕೀವು ಹಿಟ್ಟಿನಾಗ ಬೀಳ್ತಿತ್ತು."

"ನಿನ್ನೆನೂ ಬೀಳ್ತಿತ್ತು," ಎಂದು ಅಂಬವ್ವ ಹೊರಟುಹೋದಳು.

ತಾನು ಮಾಡಿದ್ದು ಸರಿ ಎಂದು ಬಸಲಿಂಗವ್ವ ಆ ದಿನವೆಲ್ಲ ತನಗೆ ತಾನೇ ಹೇಳಿಕೊಂಡಳು. ಕಸ್ತೂರಿಬಾಯಿಯಾದರೂ ಮೆಚ್ಚಿಯಾಳು ಎಂದುಕೊಂಡಿದ್ದಳು. ಮೂರಕ್ಕೆ ಕೆಲಸ ಮುಗಿದಾಗ ಕಸ್ತೂರಿಬಾಯಿ ಕೇಳಿದ್ದೇ ಬೇರೆ: "ನನ್ನ ಒಳಗ ಕರದು ಹೇಳಾಕ ನಿನ್ನ ಬಾಯಿ ಬಿದ್ದಿತ್ತೇನ? ನಾಳೆಯಿಂದ ಎರಡೂ ಒಲಿ ನೀನ ನೋಡ್ಕೋ."

ಎರಡು ಒಲೆಗೆ ಒಬ್ಬಳು. ಕೈ ಒರೆಸಿಕೊಳ್ಳಲು ಪುರುಸೊತ್ತಿಲ್ಲ. ಒದ್ದೆ ಬೆರಳಲ್ಲೇ ಮುಂದಿನ ಹಿಟ್ಟು. ವಾರದೊಳಗೆ ಎರಡು ಬೆರಳ ಬದಿ ಸೀಳಿತು. ಇನ್ನೊಬ್ಬಳನ್ನು ಕರೆಸಿ ಎಂದು ಕೇಳಿದರೆ ಕಸ್ತೂರಿಬಾಯಿ ಮೊಬೈಲ್‌ನಿಂದ ತಲೆ ಎತ್ತಲಿಲ್ಲ. "ಭಾಂಡೆ ತಿಕ್ಕೂ ಸೇವಂತಿನ್ನ ಕೇಳೇನಿ. ಬಸಲಿಂಗವ್ವನ ಬಾಜೂಕ ಕುಂಡ್ರಾಕ ಒಲ್ಲೆ ಅಂದ್ಲು."

ಹದಿನೈದನೇ ದಿನ ಅಂಬವ್ವ ಬಂದಳು. ಉಗುರು ತೆಗೆದಿದ್ದರು. ಎರಡು ತಿಂಗಳು ಆ ಕೈಗೆ ನೀರು ತಾಗಿಸಬಾರದು ಎಂದು ಡಾಕ್ಟರ್ ಹೇಳಿದ್ದರಂತೆ. ಕಸ್ತೂರಿಬಾಯಿ ಅವಳನ್ನು ಕಿಂಡಿಯ ಬಳಿ ಫ್ಯಾನಿನ ಕೆಳಗೆ ಸ್ಟೂಲ್ ಹಾಕಿ ಕೂರಿಸಿದಳು. ಆರ್ಡರ್ ಕೂಗುವುದು, ತಟ್ಟೆ ದಾಟಿಸುವುದು, ಅಷ್ಟೇ ಕೆಲಸ.

"ಆರು ರೊಟ್ಟಿ. ಲಗೂನ."

ವರ್ಷದ ಮೇಲೆ ಅಂಬವ್ವ ಮೊದಲು ಆಡಿದ ಕೆಲಸದ ಮಾತು ಅದು. ಬಸಲಿಂಗವ್ವ ಆರು ಕೊಟ್ಟಳು. ಒಂದು ತಿರುಗಿ ಬಂತು.

"ಸೀದೈತಿ."

ಬಸಲಿಂಗವ್ವ ಎರಡೂ ಮಗ್ಗಲು ತಿರುಗಿಸಿ ನೋಡಿದಳು. ಎಲ್ಲೂ ಸೀದಿರಲಿಲ್ಲ. ಇನ್ನೊಂದು ಬಡಿದಳು. ಅದೂ ತಿರುಗಿ ಬಂತು. ಆಕೆ ಹಿಟ್ಟಿನ ಕೈಯಲ್ಲೇ ಎದ್ದು ಕಿಂಡಿಗೆ ಬಂದಳು.

"ಎಲ್ಲಿ ಸೀದೈತಿ? ಬಟ್ಟ ಇಟ್ಟು ತೋರಸು."

ಅಂಬವ್ವ ಗಾಯದ ಬೆರಳನ್ನೇ ರೊಟ್ಟಿಯ ನಡುವೆ ಇಟ್ಟಳು. ಪಟ್ಟಿ ಬಿಚ್ಚಿದ್ದ ತುದಿ ಬೋಳಾಗಿ, ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು. "ಇಲ್ಲೆ."

"ಬಸಲಿಂಗವ್ವಾ," ಕಸ್ತೂರಿಬಾಯಿ ಒಳಗಿನಿಂದ ಕೂಗಿದಳು, "ಹಂಚು ಕಾಯಾಕತ್ತೈತಿ, ನೀ ಅಲ್ಲೇನ್ ಮಾಡ್ತೀ?"

ಬಸಲಿಂಗವ್ವ ಆ ರೊಟ್ಟಿಯನ್ನು ಎಳೆದುಕೊಂಡು ಎರಡು ತುಂಡು ಮಾಡಿ ಅಂಬವ್ವನ ಮಡಿಲಿಗೆ ಎಸೆದಳು. ಹೋಗಿ ಒಲೆಯ ಮುಂದೆ ಕೂತಳು. ಅಂಬವ್ವ ಸೆರಗು ಕೊಡವಿ, ಹಿಂದೆ ತಿರುಗದೆಯೇ ಕೂಗಿದಳು:

"ಇನ್ನ ಎಂಟು."