ಮಾರೆವ್ವನ ವೀಳ್ಯ

ಊರಿನ ಹೆಸರು ಬೇಡ. ಗಂಗಾವತಿ ಸೀಮೆಯಲ್ಲಿ ಒಂದು ಪುರಸಭೆ ಇತ್ತು ಎಂದುಕೊಳ್ಳಿ. ಮಹಿಳಾ ಮೀಸಲಾತಿ ಬಂದದ್ದರಿಂದ ರೇಣುಕಾದೇವಿ ಅದರ ಅಧ್ಯಕ್ಷೆಯಾಗಿದ್ದಳು. ಅವಳಿಗೆ ಗೋವಿಂದರಾಜ ಎಂಬ ಗಂಡನಿದ್ದ, ಪುರಸಭೆ ನಡೆಸುತ್ತಿದ್ದವನು ಅವನು. ಅಧ್ಯಕ್ಷರ ಕೋಣೆಯಲ್ಲಿ ದೊಡ್ಡ ಕುರ್ಚಿಯ ಪಕ್ಕಕ್ಕೆ ತನಗೊಂದು ಸಣ್ಣ ಕುರ್ಚಿ ಹಾಕಿಸಿಕೊಂಡಿದ್ದ. ಬಂದವರು ದೊಡ್ಡ ಕುರ್ಚಿಗೆ ನಮಸ್ಕಾರ ಹೊಡೆದು, ಸಣ್ಣ ಕುರ್ಚಿಯ ಮುಂದೆ ಅಹವಾಲು ಹೇಳುತ್ತಿದ್ದರು. ಇದು ಯಾರಿಗೂ ವಿಚಿತ್ರ ಅನಿಸಿರಲಿಲ್ಲ. ರೇಣುಕಾದೇವಿಗೂ ಅನಿಸಿರಲಿಲ್ಲ, ನನಗೆ ಸಿಟ್ಟು ಬರುವುದು ಅದಕ್ಕೇ.

ಕೆರೆಯ ದಂಡೆಯಲ್ಲಿ ಉದ್ಯಾನ ಮಾಡುವುದೆಂದು ಆ ಬೇಸಿಗೆ ತೀರ್ಮಾನವಾಯಿತು. ವಾಕಿಂಗಿಗೆ ಛಲೋ ಆಯಿತು ಎಂದು ಊರಿನವರೆಲ್ಲ ತಲೆಯಾಡಿಸಿದೆವು. ಅಲ್ಲಿ ಕಿಳ್ಳೇಕ್ಯಾತರ ಗುಡಿಸಲುಗಳಿವೆ ಎಂಬುದು ಗೊತ್ತಿಲ್ಲದ್ದೇನಲ್ಲ. ಮೀನು ಹಿಡಿದು, ಸುಗ್ಗಿ ಮುಗಿದ ಮೇಲೆ ಹಳ್ಳಿ ಹಳ್ಳಿ ತಿರುಗಿ, ಪರದೆ ಕಟ್ಟಿ, ಹಿಂದೆ ದೀಪವಿಟ್ಟು ತೊಗಲುಗೊಂಬೆ ಆಡಿಸುವ ಜನ. ಈ ಊರು ಹುಟ್ಟುವ ಮೊದಲೇ ಈ ಕೆರೆಗೆ ಬಲೆ ಬೀಸಿದವರು ತಾವು ಎಂದು ಹೇಳುತ್ತಾರೆ.

ಒಂದು ಬೆಳಿಗ್ಗೆ ಪುರಸಭೆಯ ಜೆಸಿಬಿ ಬಂತು. ಮಕ್ಕಳನ್ನೂ ಪಾತ್ರೆಗಳನ್ನೂ ಹೊರಗೆ ಎಳೆದುಕೊಳ್ಳುವಷ್ಟರಲ್ಲಿ ಮಾರೆವ್ವ ಎಂಬ ಮುದುಕಿಯ ಗೊಂಬೆ ಪೆಟ್ಟಿಗೆ ಕಸದ ಟ್ರ್ಯಾಕ್ಟರ್ ಸೇರಿತ್ತು. ಅವಳು ಹಿಂದೆ ಓಡಿದಳು. ಓಡಿ ಮುಟ್ಟುವ ಹೊತ್ತಿಗೆ ಕಸಕ್ಕೆ ಬೆಂಕಿ ಇಟ್ಟಾಗಿತ್ತು. ಅವಳ ಅತ್ತೆಯ ಅತ್ತೆ ಕಾಲದಿಂದ ಬಂದ ಗೊಂಬೆಗಳು, ಒಂದೂ ಉಳಿಯಲಿಲ್ಲ.

ಆ ಮನೆತನದಲ್ಲಿ ಗೊಂಬೆಯೆಂದರೆ ಮನೆಯ ಹಿರಿಯರು. ಹಳತಾದರೆ ಆನೆಗೊಂದಿಗೆ ಒಯ್ದು, ಅತ್ತು, ಹೊಳೆಗೆ ಬಿಡುತ್ತಾರೆ. ಯಾರಾದರೂ ಸುಟ್ಟರೆ ಅದು ಕೊಲೆ. ಸುಟ್ಟವರು ಕುಲದ ಕೂಟಕ್ಕೆ ಬಂದು ಒಪ್ಪಿಕೊಳ್ಳುವ ತನಕ ಮನೆಗೆ ಸೂತಕ, ಆಟವಿಲ್ಲ, ಮದುವೆಯಿಲ್ಲ. ಮಾರೆವ್ವನ ಮೊಮ್ಮಗಳು ಅನುಸೂಯಾಳಿಗೆ ಕುಷ್ಟಗಿ ಕಡೆಯ ಗಂಡು ಗೊತ್ತಾಗಿತ್ತು. ಮದುವೆ ಅಲ್ಲಿಗೇ ನಿಂತಿತು. ದೀಪಾವಳಿ ತನಕ ಕಾಯುತ್ತೇವೆ, ಆಮೇಲೆ ಬೇರೆ ಹೆಣ್ಣು ನೋಡುತ್ತೇವೆ ಎಂದು ಗಂಡಿನ ಕಡೆಯವರು ಹೇಳಿ ಕಳಿಸಿದರು.

ಕುಟುಂಬಗಳೆಲ್ಲ ಮರಳಿ ಎಂಬ ಹಳ್ಳಿಯ ಹತ್ತಿರ ಕಾಲುವೆ ಪಕ್ಕದಲ್ಲಿ ಬಿಡಾರ ಹೂಡಿದವು. ಪತ್ರಿಕೆಯವರು ಬರೆದರು, ಮೇಲಿನವರು ಬೈದರು, ಪುರಸಭೆ ಗಡಿಬಿಡಿಯಿಂದ ಹೇಮಗುಡ್ಡದ ರಸ್ತೆಯಲ್ಲಿ ಮನೆ ಜಾಗ ತೋರಿಸಿತು. ಅವರ ಹಿರಿಯ ಕನಕಪ್ಪ ಅಧ್ಯಕ್ಷರ ಕೋಣೆಗೆ ಬಂದು, ದೊಡ್ಡ ಕುರ್ಚಿಯನ್ನೇ ನೋಡುತ್ತ ಹೇಳಿದ:

"ಜಾಗ ಆಮ್ಯಾಲ ತಗೊಂತೀವ್ರಿ. ಮೊದ್ಲ ತಪ್ಪು ಮಾಡಿದವ್ರು ನಮ್ಮ ಕೂಟಕ್ಕ ಬಂದು ನೆಲದ ಮ್ಯಾಲ ಕುಂದರ್ಬೇಕು. ತಮ್ಮ ಬಾಯಿಲೆ ಹೇಳ್ಬೇಕು."

"ಬರೂಣಂತ. ದೊಡ್ಡ ಕಾರ್ಯಕ್ರಮಾನ ಮಾಡೂಣು," ಎಂದು ಸಣ್ಣ ಕುರ್ಚಿ ಉತ್ತರ ಕೊಟ್ಟಿತು.

ಗೋವಿಂದರಾಜ ಕೆಟ್ಟವನಲ್ಲ. ಕಾರ್ಯಕ್ರಮ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿದವನು, ಅಷ್ಟೇ. ದೀಪಾವಳಿಗೆ ಇನ್ನೇನು ವಾರ ಉಳಿದಿರುವಾಗ ಮರಳಿಯ ಕಾಲುವೆ ಪಕ್ಕದಲ್ಲಿ ಶಾಮಿಯಾನ ಎದ್ದಿತು. ಮೈಕು ಬಂತು, ಬಾಡಿಗೆ ಕುರ್ಚಿ ಬಂದವು. ನಾವು ಊರಿನವರು ಕುರ್ಚಿಗಳ ಮೇಲೆ ಕುಳಿತೆವು. ಅವರು ಎದುರಿನ ಬೇವಿನ ಮರದ ಕೆಳಗೆ ನೆಲದ ಮೇಲೆ ವೃತ್ತವಾಗಿ ಕುಳಿತರು. ನೋಡಿದವರಿಗೆ ಎರಡು ಬೇರೆ ಬೇರೆ ಸಭೆ ಅನ್ನಿಸಬೇಕು, ಹಾಗೆ.

ಗೋವಿಂದರಾಜ ಸೌಹಾರ್ದದ ಬಗ್ಗೆ ಚೆನ್ನಾಗಿಯೇ ಮಾತಾಡಿದ. ಮಾತು ಮುಗಿಸಿ, "ನಿಮ್ಮ ಗೊಂಬಿ ನಿಮಗ ವಾಪಸ್ ಕೊಡ್ತೀವಿ" ಎಂದು ದೊಡ್ಡದೊಂದು ಕಟ್ಟು ಬಿಚ್ಚಿಸಿದ. ಊರ ತುಂಬ ಫ್ಲೆಕ್ಸ್ ಹಬ್ಬಿದ್ದ ಕಾಲ ಅದು. ರಾಮ, ಸೀತೆ, ಆಂಜನೇಯ ಎಲ್ಲರನ್ನೂ ಫ್ಲೆಕ್ಸಿನಲ್ಲಿ ಅಚ್ಚು ಹಾಕಿಸಿ, ಕತ್ತರಿಸಿ, ಬಿದಿರು ಕಡ್ಡಿಗೆ ಅಂಟಿಸಿ ತಂದಿದ್ದ. ಪ್ರತಿಯೊಂದರ ಮೂಲೆಯಲ್ಲೂ ಅಧ್ಯಕ್ಷೆಯ ಫೋಟೊ. ಆಂಜನೇಯನ ಬಾಲದ ಬುಡದಲ್ಲಿ ರೇಣುಕಾದೇವಿ ಕೈಮುಗಿದು ನಗುತ್ತಿದ್ದಳು.

ಬೇವಿನ ಮರದ ಕೆಳಗೆ ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಮಾರೆವ್ವ ಸೀತೆಯನ್ನು ಕೈಗೆ ತೆಗೆದುಕೊಂಡು ಬಿಸಿಲಿಗೆ ಹಿಡಿದಳು, ತಿರುಗಿಸಿ ಇನ್ನೊಮ್ಮೆ ಹಿಡಿದಳು.

"ಇದರಾಗ ಬೆಳಕ ಬರೂದಿಲ್ಲವ್ವ," ಎಂದಳು. ದೂರಿನ ದನಿಯಲ್ಲ. ಮೆಲ್ಲಗೆ ಪಕ್ಕಕ್ಕೆ ಮಲಗಿಸಿದಳು.

ರೇಣುಕಾದೇವಿ ಆ ಗೊಂಬೆಗಳನ್ನು ನೋಡಿದ್ದು ಅದೇ ಮೊದಲು. ಕಿವಿ ತನಕ ಕೆಂಪಾಯಿತು ಅವಳ ಮುಖ. ನಾನು ಎರಡನೇ ಸಾಲಿನಲ್ಲಿದ್ದೆ, ಕಂಡಿದ್ದೇನೆ.

ಕನಕಪ್ಪ ಎದ್ದ. "ಈಗ ತಪ್ಪು ಮಾಡಿದವ್ರು ಬರ್ರಿ."

"ಬಂದೀನಲ್ಲಪ್ಪ," ಎಂದು ಗೋವಿಂದರಾಜ ಕೈಮುಗಿದು ಮುಂದೆ ಹೋದ.

"ನಿಮ್ಮನ್ನಲ್ರಿ. ಮಾರೆವ್ವ ಹೇಳಿದ್ದು ಅಧ್ಯಕ್ಷರ ಹೆಸ್ರು."

ಗೋವಿಂದರಾಜ ನಕ್ಕ. "ಆಕಿಗೇನು ತಿಳೀತೈತಿ? ಎಲ್ಲಾ ನೋಡಿಕೊಂಡಾಂವ ನಾನ. ನಾ ಹೇಳಿದ್ರ ಆಕಿ ಹೇಳಿದಂಗ."

"ನಿಮ್ಮ ಆಫೀಸಿನ್ಯಾಗ ಇರಬಹುದ್ರಿ. ನಮ್ಮ ಕೂಟದಾಗ ಗಂಡನ ಬಾಯಿ ಹೆಂಡ್ತಿಗೆ ನಡಿಯಂಗಿಲ್ಲ, ಹೆಂಡ್ತಿ ಬಾಯಿ ಗಂಡಗ ನಡಿಯಂಗಿಲ್ಲ. ಹಂಗ ಒಪ್ಪಿಕೊಂಡ್ವಿ ಅಂದ್ರ ಸೂತಕ ಹೋಗಂಗಿಲ್ರಿ."

ಎಲ್ಲರೂ ಮಾರೆವ್ವನ ಕಡೆ ನೋಡಿದರು. ಮಾರೆವ್ವ ರೇಣುಕಾದೇವಿಯ ಕಡೆ ನೋಡುತ್ತಿದ್ದಳು. ತನ್ನ ಹೆಸರೇ ಯಾಕೆ ಎಂದು ರೇಣುಕಾದೇವಿಗೆ ಗೊತ್ತಿತ್ತು. ಗೊತ್ತಿದ್ದದ್ದು ಅವರಿಬ್ಬರಿಗೆ ಮಾತ್ರ.

ಅವಳು ಎದ್ದಳು. ಶಾಮಿಯಾನದಿಂದ ಬೇವಿನ ಮರ ಹತ್ತು ಹೆಜ್ಜೆಯೂ ಇಲ್ಲ, ಆದರೆ ಹೊಳೆ ದಾಟುವವಳ ಹಾಗೆ ನಡೆದಳು. ರೇಷ್ಮೆ ಸೀರೆಯಲ್ಲೇ ಮಣ್ಣಿನ ಮೇಲೆ ಕುಳಿತಳು.

"ಗಾಡಿ ಬರೂ ಹಿಂದಿನ ದಿನ ಸಂಜಿಮುಂದ ಈ ಅವ್ವ ನಮ್ಮ ಮನಿಗೆ ಬಂದಿದ್ಲು," ಎಂದಳು. "ಗಂಡಸ್ರು ಮೀನಿಗೆ ಹೋಗ್ಯಾರ, ಒಂದು ದಿನ ಟೈಮ್ ಕೊಡ್ರಿ, ಪೆಟ್ಟಿಗಿ ಬ್ಯಾರೆ ಕಡೆ ಇಡ್ತೀನಿ ಅಂದ್ಲು. ನಾ ಬಾಗ್ಲಾ ಸೈತ ತಗೀಲಿಲ್ಲ. ಕಿಟಕಿಯಾಗಿಂದ, ಸಾಹೇಬ್ರು ಮನ್ಯಾಗಿಲ್ಲ, ನಾಳಿ ಬಾ ಅಂದೆ."

ಗೋವಿಂದರಾಜ ಗಂಟಲು ಸರಿಮಾಡಿಕೊಂಡ. "ಏ, ಅದೆಲ್ಲಾ ಈಗ್ಯಾಕ?" ಅವಳು ಆ ಕಡೆ ತಿರುಗಲೇ ಇಲ್ಲ.

"ಸಾಹೇಬ್ರು ಯಾಕ ಬೇಕಿತ್ತು? ಸಹಿ ನಂದು. ನಾ ಒಂದು ಫೋನ್ ಮಾಡಿದ್ರ ಗಾಡಿ ನಿಲ್ತಿತ್ತು. ನಂಗದು ಗೊತ್ತಿತ್ತು. ಗೊತ್ತಿದ್ದೂ ಟಿವಿ ಮುಂದ ಹೋಗಿ ಕುಂತೆ. ಈ ಅವ್ವ ಗೇಟಿನ ಹತ್ರ ಭಾಳ ಹೊತ್ತು ನಿಂತಿದ್ಲು. ಆವಾಜ್ ಜಾಸ್ತಿ ಮಾಡ್ದೆ."

ಇಷ್ಟು ಹೇಳಿ ತಲೆ ತಗ್ಗಿಸಿದಳು. ಕುರ್ಚಿಯ ಮೇಲಿದ್ದ ನಮಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ನಮ್ಮ ಮನೆಗಳಲ್ಲೂ ಕಿಟಕಿಗಳಿವೆ. ತನಗೆ ಅಧಿಕಾರವೇ ಇರಲಿಲ್ಲ ಎಂಬ ಸಮಾಧಾನವೊಂದು ಅವಳಿಗಿತ್ತು, ಅದನ್ನೂ ತಾನೇ ಕಿತ್ತು ಹಾಕಿಕೊಂಡಿದ್ದಳು. ಉಳಿದದ್ದು ಬರೀ ನಾಚಿಕೆ.

"ಕೇಳಿದ್ಯೇನು, ಮಾರೆವ್ವ?" ಎಂದ ಕನಕಪ್ಪ.

"ಕೇಳಿದೆ."

ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ ಬಂದವು. ಕನಕಪ್ಪ ರೇಣುಕಾದೇವಿಗೆ ತಿಳಿಸಿ ಹೇಳಿದ: "ನಿಮ್ಮ ಕೈಲೆ ಕೊಡ್ರಿ. ಆಕಿ ಬ್ಯಾಡಂದ್ರ ನಾವು ಒತ್ತಾಯ ಮಾಡಂಗಿಲ್ಲ. ತಗೊಂಡು ಅಗದ್ಲು ಅಂದ್ರ ಮುಗೀತು. ಆಮ್ಯಾಲ ಈ ಮಾತು ಯಾರೂ ಎತ್ತಂಗಿಲ್ಲ. ಜಗಳದಾಗೂ ಎತ್ತಂಗಿಲ್ಲ. ನಡದೇ ಇಲ್ಲ ಅನ್ನೂವಂಗ ಇರ್ಬೇಕು."

ರೇಣುಕಾದೇವಿ ಎಲೆ ಮಡಿಸಿದಳು. ಅಡಿಕೆ ಕೆಳಗೆ ಬಿತ್ತು, ಹೆಕ್ಕಿ ಮತ್ತೆ ಇಟ್ಟಳು. ಮಾರೆವ್ವ ಎಲೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಅದನ್ನೇ ನೋಡಿದಳು. ಹಿಂದೆ ಅನುಸೂಯಾ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು. ಬೇಡ ಎಂದರೂ ಮುದುಕಿಯನ್ನು ತಪ್ಪೆನ್ನುವ ಹಾಗಿರಲಿಲ್ಲ. ಕೊನೆಗೆ ಅವಳು ಎಲೆಯನ್ನು ಬಾಯಿಗಿಟ್ಟು, ಇದ್ದ ನಾಲ್ಕು ಹಲ್ಲಿನಲ್ಲಿ ನಿಧಾನಕ್ಕೆ ಅಗಿಯತೊಡಗಿದಳು. ಅನುಸೂಯಾ ಅಲ್ಲೇ ಕುಕ್ಕರಿಸಿ ಅಜ್ಜಿಯ ಬೆನ್ನಿಗೆ ಮುಖ ಒತ್ತಿಕೊಂಡಳು.

ಜನ ಚದುರಿದರು. ಗೋವಿಂದರಾಜ ಯಾರಿಗೂ ಮುಖ ಕೊಡದೆ ಶಾಮಿಯಾನ ಬಿಚ್ಚಿಸುತ್ತಿದ್ದ. ರೇಣುಕಾದೇವಿ ಮಾತ್ರ ಕಾರಿನ ಕಡೆ ಹೋಗಲಿಲ್ಲ. ಇಷ್ಟಕ್ಕೇ ಮುಗಿಯಿತೇ? ಅವಳಿಗೆ ಯಾರಾದರೂ ಬೈಯಬೇಕಿತ್ತು, ಬಾಯಿಗೆ ಬಂದ ಹಾಗೆ ಬೈಯಬೇಕಿತ್ತು. ಮಾರೆವ್ವನ ಮುಂದೆ ಹೋಗಿ ನಿಂತಳು.

"ಅವ್ವಾ, ಆ ಗೊಂಬಿ... ನಾ ಏನು ಮಾಡಿದ್ರ ಆ ಗೊಂಬಿ..."

ಮಾರೆವ್ವ ಪಕ್ಕಕ್ಕೆ ತಿರುಗಿ ಉಗುಳಿ, ಸೆರಗಿನಿಂದ ತುಟಿ ಒರೆಸಿಕೊಂಡಳು. ಮುಖದಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ.

"ಯಾವ ಗೊಂಬಿ, ಯವ್ವಾ?" ಎಂದಳು.